ಇಡೀ ಗಂಟಿಗೆ ಒಂದು ಗದ್ಯಾಣ

ವರ್ಷಗಟ್ಟಲೆ ಕೂಡಿಸಿದ ನೂರಾರು ನಾಣ್ಯಗಳನ್ನು ಒಟ್ಟಿಗೆ ಕೊಟ್ಟು ಒಂದೇ ಒಂದು ನಾಣ್ಯವನ್ನು ಪಡೆಯುವುದು ಸರಿಯೇ ಎಂಬ ಪ್ರಶ್ನೆ ನಾಣ್ಯ ಸಂಗ್ರಾಹಕರಿಗೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ರೋಣದ ನೆರೆಯ ಸವಡಿಯಂಥ ಊರಿನಲ್ಲಿ ಆ ಒಂದು ನಾಣ್ಯ ಕಲ್ಯಾಣ ಚಾಲುಕ್ಯರ ಚಿನ್ನದ ಗದ್ಯಾಣವಾಗಿರುವ ಸಂಭವ ಹೆಚ್ಚು. ಚಾಲುಕ್ಯರ ಮುಖ್ಯ ಟಂಕಸಾಲೆಗಳೆಂದು ಇತಿಹಾಸಕಾರರು ಹೆಸರಿಸುವ ಎರಡು ಊರುಗಳೂ ಇದೇ ಸೀಮೆಯವು. ಒಂದು, ಜೋಡು ಕಳಸದ ಗುಡಿಯಿರುವ ಸೂಡಿ. ಇನ್ನೊಂದು, ಶಾಸನಗಳಲ್ಲಿ ಲೊಕ್ಕಿಗುಂಡಿ ಎಂದು ಕರೆಸಿಕೊಂಡ ಲಕ್ಕುಂಡಿ. ಗುಡಿಗೆ, ಮಠಕ್ಕೆ, ಕೆರೆಗೆ ದತ್ತಿ ಬಿಟ್ಟದ್ದನ್ನು ಹೇಳುವ ಅಂದಿನ ಶಾಸನಗಳಲ್ಲಿ ಲೊಕ್ಕಿಗದ್ಯಾಣದ ಹೆಸರು ಮತ್ತೆ ಮತ್ತೆ ಬರುತ್ತದೆ. ತನ್ನ ನೆಲದಲ್ಲೇ ಅಚ್ಚಾದ ಸಾವಿರ ವರ್ಷದ ಹೊನ್ನು ಅಂಗೈಗೆ ಬರುತ್ತದೆ ಎಂದಾಗ ಟ್ರಂಕಿನಲ್ಲಿರುವ ಬಿಡಿ ನಾಣ್ಯಗಳೆಲ್ಲ ಹಗುರವಾಗಿ ಕಾಣುವುದು ಸಹಜ. ಅವು ನಿಜವಾಗಿ ಅಷ್ಟು ಹಗುರವೇ ಎಂಬುದನ್ನು ಮೊದಲು ನೋಡಬೇಕು.

ಈ ಭಾಗದ ಹಳೆಯ ಮನೆಗಳ ಗಂಟಿನಲ್ಲಿ ಸಿಗುವ ನಾಣ್ಯಗಳು ಒಂದೇ ಸರಕಾರದವಲ್ಲ. 1787ರ ಗಜೇಂದ್ರಗಡ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಾದಾಮಿ, ಕಿತ್ತೂರು, ನರಗುಂದಗಳನ್ನು ಮರಾಠರಿಗೆ ಬಿಟ್ಟುಕೊಟ್ಟ. ಆಳುವವರು ಬದಲಾದರೂ ಜನರ ಕೈಯಲ್ಲಿದ್ದ ದುಡ್ಡು ರಾತ್ರೋರಾತ್ರಿ ಬದಲಾಗಲಿಲ್ಲ. ಆದ್ದರಿಂದ ಆನೆಯ ಚಿತ್ರವಿರುವ ಟಿಪ್ಪುವಿನ ತಾಮ್ರದ ಕಾಸು, ಒಂದು ಬದಿಗೆ ಶ್ರೀ ರಾಜಾ ಶಿವ, ಇನ್ನೊಂದು ಬದಿಗೆ ಛತ್ರಪತಿ ಎಂದು ದೇವನಾಗರಿಯಲ್ಲಿ ಬರೆದ ಮರಾಠರ ಶಿವರಾಯಿ, ಬಾಗಲಕೋಟೆಯ ಟಂಕಸಾಲೆಯ ಮಲ್ಹಾರಶಾಹಿ ರೂಪಾಯಿ, ಈ ಮೂರೂ ಒಂದೇ ಗಂಟಿನಲ್ಲಿ ಇರಬಹುದು. ಇವುಗಳ ಮೇಲೆ 1835ರಿಂದ ಶುರುವಾದ ಈಸ್ಟ್ ಇಂಡಿಯಾ ಕಂಪನಿಯ ಏಕರೂಪದ ರೂಪಾಯಿ, 1862ರಿಂದ ರಾಣಿಯ ರೂಪಾಯಿ, ಆಮೇಲೆ ಎಡ್ವರ್ಡ್ ಮತ್ತು ಇಬ್ಬರು ಜಾರ್ಜ್‌ ದೊರೆಗಳವು. ಎರಡನೆಯ ಮಹಾಯುದ್ಧದ ಕಾಲಕ್ಕೆ ತಾಮ್ರ ಉಳಿಸಲೆಂದು ಬಂದ ತೂತಿನ ದುಡ್ಡು, ಪಾವಲಿ, ಎಂಟಾಣೆ, 1957ರ ನಯೇ ಪೈಸೆ. ಹೀಗೆ ಒಂದರ ಮೇಲೊಂದು ಪದರ.

ಇವುಗಳ ನಡುವೆ ಈ ಸೀಮೆಗೇ ವಿಶೇಷವಾದ ನಾಣ್ಯ ಹಾಲಿ ಸಿಕ್ಕಾ. ರೋಣ ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು; ಪಕ್ಕದ ಯಲಬುರ್ಗಾ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನಕ್ಕೆ ತನ್ನದೇ ಚಲಾವಣೆಯಿತ್ತು. ನಡುವೆ ಚಾರ್‌ಮಿನಾರ್, ಅದರ ಬಾಗಿಲಲ್ಲಿ ಆಳುವ ನಿಜಾಮನ ಹೆಸರಿನ ಮೊದಲ ಅಕ್ಷರ ಇರುವ ಈ ಬೆಳ್ಳಿ ರೂಪಾಯಿ ಇಂಗ್ಲಿಷ್ ರೂಪಾಯಿಗಿಂತ ಕಡಿಮೆ ಬೆಲೆಯದು. ಏಳು ಹಾಲಿ ರೂಪಾಯಿಗೆ ಆರು ಇಂಗ್ಲಿಷ್ ರೂಪಾಯಿ ಎಂಬುದು ಅಂದಿನ ದರ. ಈ ದರ ಯಾರೋ ಮನಸ್ಸಿಗೆ ಬಂದಂತೆ ಕಟ್ಟಿದ್ದಲ್ಲ. ಇಂಗ್ಲಿಷ್ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡಾ 81.8, ಅಂದರೆ 9.14 ಗ್ರಾಂ. ಎರಡನ್ನೂ ಭಾಗಿಸಿ ನೋಡಿದರೆ ಏಳಕ್ಕೆ ಆರರ ಲೆಕ್ಕ ಹೆಚ್ಚೂಕಡಿಮೆ ತಾನಾಗಿ ಬರುತ್ತದೆ. ಗಡಿಯ ಎರಡೂ ಬದಿಯ ಸಂತೆಗೆ ಹೋಗಿ ಬರುತ್ತಿದ್ದ ಮನೆತನವೊಂದರ ಗಂಟಿನಲ್ಲಿ ಈ ಎರಡು ರೂಪಾಯಿಗಳು ಜೊತೆಯಾಗಿ ಸಿಕ್ಕರೆ ಅದು ಆ ಮನೆತನದ ವ್ಯವಹಾರದ ದಾಖಲೆ. ಒಂದೊಂದನ್ನು ಬೇರೆ ಬೇರೆ ಊರಿಗೆ ಮಾರಿದ ಮರುದಿನ ಆ ದಾಖಲೆ ಇರುವುದಿಲ್ಲ. ವಿನಿಮಯದ ಮಾತು ಬಂದಾಗ ಬಹಳ ಜನ ಲೆಕ್ಕಕ್ಕೆ ಹಿಡಿಯದೆ ಬಿಡುವುದು ಇದನ್ನೇ, ಮತ್ತು ಒಮ್ಮೆ ಹೋದರೆ ಮರಳಿ ಬಾರದ್ದೂ ಇದೊಂದೇ.

ಇನ್ನು ಬೆಲೆ. ಸಂಗ್ರಹಕ್ಕೆ ಒಂದು ಲೋಹದ ಬೆಲೆ, ಅದರ ಮೇಲೆ ಒಂದು ಪೇಟೆಯ ಬೆಲೆ. ಲೋಹದ ಬೆಲೆಯನ್ನು ಮನೆಯಲ್ಲೇ ಕೂತು ತೆಗೆಯಬಹುದು. ಒಂದು ಸಂಗ್ರಹದಲ್ಲಿ 1939ರ ವರೆಗಿನ 60 ಬೆಳ್ಳಿ ರೂಪಾಯಿ ಇವೆ ಎನ್ನೋಣ. ಹೊಸದಾಗಿದ್ದಾಗಿನ ತೂಕ ಹಿಡಿದರೆ ಅವುಗಳಲ್ಲಿ ಸುಮಾರು 641 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಸವೆತಕ್ಕೆ ತುಸು ಕಳೆಯಬೇಕು. ಚಿನ್ನ ಬೆಳ್ಳಿಗಿಂತ 80 ಪಟ್ಟು ತುಟ್ಟಿ ಎಂದು ಹಿಡಿದರೆ ಅದು 8 ಗ್ರಾಂ ಚಿನ್ನಕ್ಕೆ ಸಮ. ಗದ್ಯಾಣದ ತೂಕವೋ ಸಾಮಾನ್ಯವಾಗಿ 3.5ರಿಂದ 4 ಗ್ರಾಂ. ಅಂದರೆ ಬರೀ ಲೋಹವನ್ನು ನೋಡಿದರೆ ಆ ಅರವತ್ತು ರೂಪಾಯಿಗಳೇ ಎರಡು ಗದ್ಯಾಣಗಳಷ್ಟು ತೂಗುತ್ತವೆ. 1940ರಿಂದ 1945ರ ವರೆಗಿನ ರೂಪಾಯಿಗಳನ್ನು ಇವುಗಳ ಜೊತೆ ಎಣಿಸಬಾರದು. ತೂಕ ಅಷ್ಟೇ ಇದ್ದರೂ ಅವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕೆಲ್.

ಪೇಟೆಯ ಬೆಲೆ ಇಷ್ಟು ನೇರವಲ್ಲ. ಅದು ನಾಣ್ಯ ಎಷ್ಟು ಹಳೆಯದು ಎನ್ನುವುದಕ್ಕಿಂತ ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ ಎನ್ನುವುದನ್ನು ನೋಡುತ್ತದೆ. ಶಿವರಾಯಿ ಹಳೆಯದೇ, ಆದರೆ ಲೆಕ್ಕವಿಲ್ಲದಷ್ಟು ಅಚ್ಚಾದದ್ದರಿಂದ ಇಂದಿಗೂ ಅಗ್ಗ. 1911ರ ಐದನೆಯ ಜಾರ್ಜ್ ರೂಪಾಯಿ ಅದಕ್ಕಿಂತ ಈಚಿನದು, ಆದರೆ ಹುಡುಕುವವರು ಬಹಳ. ಆ ವರ್ಷದ ಅಚ್ಚಿನಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ, ನೋಡಿದವರಿಗೆ ಹಂದಿಯಂತೆ ಕಂಡು ಆಕ್ಷೇಪ ಎದ್ದಿತು. 1912ರ ರೂಪಾಯಿಯಲ್ಲಿ ಸೊಂಡಿಲು ಉದ್ದವಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1939ರ ರೂಪಾಯಿಯಂತೂ ವಿರಳ. ಬೇರೆ ವರ್ಷದ ನಾಣ್ಯದ ಅಂಕಿಯನ್ನು ತಿದ್ದಿ ಅದನ್ನು ತಯಾರಿಸುವವರೂ ಇರುವುದರಿಂದ ಕೊನೆಯ ಅಂಕಿಯನ್ನು ಗಮನವಿಟ್ಟು ನೋಡಬೇಕು. ಇಡೀ ಸಂಗ್ರಹವನ್ನು ಗುಂಪಾಗಿ ಕೇಳುವ ವ್ಯಾಪಾರಿ ಇಂಥ ಒಂದೆರಡು ನಾಣ್ಯಗಳನ್ನು ಆಗಲೇ ಕಂಡಿರುವುದು ಅಪರೂಪವೇನಲ್ಲ. ಆದ್ದರಿಂದ ವರ್ಷ, ಅಚ್ಚಿನ ಗುರುತು, ಸ್ಥಿತಿ ಎಲ್ಲವನ್ನೂ ಬರೆದ ಪಟ್ಟಿ ಕೈಯಲ್ಲಿಲ್ಲದೆ ಗುಂಪಿನ ಮಾತಿಗೆ ಕೂಡ್ರಬಾರದು. ಸ್ವಾತಂತ್ರ್ಯಾನಂತರದ ನಾಣ್ಯಗಳಲ್ಲಿ ವರ್ಷದ ಕೆಳಗೆ ವಜ್ರದಾಕೃತಿ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷದ ನಾಣ್ಯ ಒಂದು ಟಂಕಸಾಲೆಯದು ಬಿಡಿಗಾಸಿಗೆ ಸಿಕ್ಕು, ಇನ್ನೊಂದರದು ಒಳ್ಳೆಯ ಬೆಲೆ ಮಾಡುವುದುಂಟು.

ಸ್ಥಿತಿಯ ವಿಷಯದಲ್ಲಿ ನಮ್ಮ ಮನೆಗಳ ರೂಢಿಯೇ ನಾಣ್ಯಕ್ಕೆ ಮುಳುವಾಗಿದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿ ಇಡುತ್ತಾರೆ. ಇಡುವ ಮುಂಚೆ ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ತಿಕ್ಕುತ್ತಾರೆ. ಭಕ್ತಿಯಿಂದ ಮಾಡಿದ ಕೆಲಸವೇ, ಆದರೆ ಪ್ರತಿ ತಿಕ್ಕಿಗೂ ರಾಣಿಯ ಕೂದಲಿನ ಎಳೆ, ಕಿರೀಟದ ಹರಳು ಒಂದಿಷ್ಟು ಸವೆಯುತ್ತವೆ. ನೂರು ವರ್ಷದ ಕಂದು ಛಾಯೆ ಹೋಗಿ ಹೊಸ ಸ್ಟೀಲಿನಂತೆ ಹೊಳೆಯುವ ರೂಪಾಯಿಯನ್ನು ಬಲ್ಲವರು ಬೆಳ್ಳಿಯ ದರಕ್ಕೇ ಕೇಳುತ್ತಾರೆ. ಸರಕ್ಕೆಂದು ಕೊಂಡಿ ಬೆಸೆಸಿದ ರೂಪಾಯಿಗಳದೂ ಇದೇ ಕಥೆ. ಕೊಂಡಿ ಕೀಳಿಸಿದರೂ ಅಂಚಿನಲ್ಲಿ ಬೆಸುಗೆಯ ಕಲೆ ಉಳಿಯುತ್ತದೆ, ಅಲ್ಲಿ ಗೀರುಗಳು ಮುಚ್ಚಿರುತ್ತವೆ. ಇಂಥವನ್ನು ಪಟ್ಟಿಯಲ್ಲಿ ಬೇರೆಯೇ ಬರೆಯಬೇಕು. ಕೈಗೆ ಬರುವ ನಿಜವಾದ ಹಣವೂ ಕ್ಯಾಟಲಾಗಿನ ಬೆಲೆಯಲ್ಲ; ಕ್ಯಾಟಲಾಗಿನದು ಬಿಡಿ ಗಿರಾಕಿ ಕೊಡುವ ಬೆಲೆ. ವ್ಯಾಪಾರಿ ತನ್ನ ಲಾಭ, ಮಾರಾಟವಾಗುವ ವರೆಗಿನ ಕಾಯುವಿಕೆ ಎರಡನ್ನೂ ಕಳೆದು ಕೇಳುತ್ತಾನೆ. ಅದು ಅನ್ಯಾಯವಲ್ಲ. ಆದರೆ ತನ್ನ ಗದ್ಯಾಣಕ್ಕೆ ಬಿಡಿ ಬೆಲೆ, ಎದುರಿನವರ ಗಂಟಿಗೆ ಸಗಟು ಬೆಲೆ ಹಿಡಿದು ಎರಡೂ ಸರಿಸಮ ಎಂದು ಹೇಳಿದರೆ ಆ ಲೆಕ್ಕವನ್ನು ಒಪ್ಪಬೇಕಾಗಿಲ್ಲ. ಎರಡೂ ಬದಿಗೆ ಒಂದೇ ಅಳತೆ ಇರಬೇಕು.

ಈಗ ಆ ಒಂದು ನಾಣ್ಯದ ಕಡೆ. ಚಾಲುಕ್ಯರ ಗದ್ಯಾಣ ಅಗಲವಾದ, ತೆಳುವಾದ ಚಿನ್ನದ ಬಿಲ್ಲೆ. ಎರಡು ಅಚ್ಚುಗಳ ನಡುವೆ ಒಮ್ಮೆ ಹೊಡೆದು ಮುಗಿಸಿದ್ದಲ್ಲ ಅದು. ಸಣ್ಣ ಸಣ್ಣ ಮುದ್ರೆಗಳನ್ನು ಒಂದೊಂದಾಗಿ ಬಿಲ್ಲೆಯ ಮೇಲಿಟ್ಟು ಹೊಡೆದದ್ದು. ಸಿಂಹ, ಶ್ರೀಕಾರ, ಈಟಿಯ ಮೊನೆ, ತಾವರೆ, ರಾಜನ ಬಿರುದಿನ ಅಕ್ಷರಗಳು, ಹೀಗೆ ಹಲವು ಮುದ್ರೆಗಳು ಒಂದೇ ಮುಖದ ಮೇಲೆ. ಪ್ರತಿ ಏಟಿಗೂ ತೆಳು ಚಿನ್ನ ಒಳಗೆ ತಗ್ಗಿ ನಾಣ್ಯ ತುಸು ಬಟ್ಟಲಿನಂತೆ ಬಾಗಿರುತ್ತದೆ, ಹಿಂಬದಿ ಬಹುಮಟ್ಟಿಗೆ ಬೋಳು. ಒಂದನೆಯ ಸೋಮೇಶ್ವರನ ನಾಣ್ಯದಲ್ಲಿ ತ್ರೈಲೋಕ್ಯಮಲ್ಲ, ಎರಡನೆಯ ಸೋಮೇಶ್ವರನದರಲ್ಲಿ ಭುವನೈಕಮಲ್ಲ ಎಂಬ ಬಿರುದುಗಳಿವೆ. ಜಗದೇಕಮಲ್ಲ ಎಂಬ ಬಿರುದು ಹನ್ನೊಂದನೆಯ ಶತಮಾನದ ಜಯಸಿಂಹನಿಗೂ ಇತ್ತು, ಹನ್ನೆರಡನೆಯ ಶತಮಾನದ ಇನ್ನೊಬ್ಬ ದೊರೆಗೂ ಇತ್ತು. ಬಿರುದಿನ ಎರಡಕ್ಷರ ತೋರಿಸಿ ಇಂಥದೇ ರಾಜನದು, ಬಹಳ ಅಪರೂಪದ್ದು ಎಂದು ಬೆಲೆ ಏರಿಸುವವರ ಮಾತನ್ನು ಎ. ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರ ಪುಸ್ತಕದ ಪಕ್ಕ ಇಟ್ಟು ನೋಡುವುದು ಒಳ್ಳೆಯದು. ಕರ್ನಾಟಕದ ನಾಣ್ಯಗಳ ಬಗ್ಗೆ ಅವರ ಗ್ರಂಥ 1975ರಲ್ಲಿ ಬಂದಿತು.

ಮುದ್ರೆಗಳನ್ನು ಬಿಡಿಬಿಡಿಯಾಗಿ ಹೊಡೆಯುವ ಈ ಕ್ರಮವೇ ಖೋಟಾ ನಾಣ್ಯ ಹಿಡಿಯುವ ಒಳ್ಳೆಯ ಸಾಧನ. ಕೈಯಿಂದ ಎಂಟೊಂಬತ್ತು ಏಟು ಹೊಡೆದಾಗ ಮುದ್ರೆಗಳ ನಡುವಿನ ಅಂತರ, ವಾಲು, ಆಳ ಎರಡು ನಾಣ್ಯಗಳಲ್ಲಿ ಎಂದೂ ಒಂದೇ ಆಗಿರುವುದಿಲ್ಲ. ಹರಾಜಿನ ಕ್ಯಾಟಲಾಗಿನಲ್ಲೋ ಇನ್ನೊಬ್ಬರ ಸಂಗ್ರಹದಲ್ಲೋ ಇರುವ ಗದ್ಯಾಣದ ಜೊತೆ ಕೈಯಲ್ಲಿರುವುದು ಮುದ್ರೆಗೆ ಮುದ್ರೆ, ಬಿರುಕಿಗೆ ಬಿರುಕು ಹೊಂದಿಕೊಂಡರೆ ಒಂದನ್ನು ಎರಕದ ಅಚ್ಚಿನಲ್ಲಿ ನಕಲು ಮಾಡಿದ್ದಾರೆ ಎಂದೇ ಅರ್ಥ. ಎರಕದ ನಾಣ್ಯದಲ್ಲಿ ಮುದ್ರೆಯ ಅಂಚು ಮೊಂಡಾಗಿರುತ್ತದೆ, ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳೋ ಗುಳ್ಳೆಗಳೋ ಕಾಣುತ್ತವೆ, ಬಿಲ್ಲೆಯ ಅಂಚಿನಲ್ಲಿ ಎರಕದ ಗೆರೆಯನ್ನು ಅರದಿಂದ ತಿಕ್ಕಿದ ಗುರುತಿರುತ್ತದೆ.

ಲೋಹದ ಪರೀಕ್ಷೆಯೂ ಬೇಕು. ಒರೆಗಲ್ಲಿಗೆ ತಿಕ್ಕಿಸಬಾರದು, ತಿಕ್ಕಿದ ಗಾಯ ಹಾಗೇ ಉಳಿಯುತ್ತದೆ. ಸರಾಫರ ಅಂಗಡಿಯ ನಾಜೂಕು ತಕ್ಕಡಿಯಲ್ಲಿ ಮೊದಲು ಗಾಳಿಯಲ್ಲಿ, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಸಾಕು. 3.80 ಗ್ರಾಂ ನಾಣ್ಯ ನೀರಿನಲ್ಲಿ 0.20 ಗ್ರಾಂ ಕಡಿಮೆ ತೂಗಿದರೆ ಅದು ಬಹುತೇಕ ಶುದ್ಧ ಚಿನ್ನ; 0.22 ಕಡಿಮೆಯಾದರೆ ಒಂದಿಷ್ಟು ಬೆರಕೆ ಇದೆ, 0.36ರಷ್ಟು ಕಡಿಮೆಯಾದರೆ ಚಿನ್ನದ ಮುಲಾಮು ಹಾಕಿದ ಬೆಳ್ಳಿ, 0.42 ದಾಟಿದರೆ ತಾಮ್ರವೋ ಹಿತ್ತಾಳೆಯೋ. ಈಗ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಕ್ಷಕಿರಣ ಯಂತ್ರದಿಂದ ನಾಣ್ಯಕ್ಕೆ ಗೀರು ಬೀಳದಂತೆ ಲೋಹ ನೋಡುತ್ತಾರೆ. ಆದರೆ ಚಿನ್ನ ಅಸಲಿ ಎಂದ ಮಾತ್ರಕ್ಕೆ ನಾಣ್ಯ ಅಸಲಿಯಾಗುವುದಿಲ್ಲ. ಗದ್ಯಾಣದ ಬೆಲೆ ಅದರ ಚಿನ್ನದ ಬೆಲೆಗಿಂತ ಹೆಚ್ಚಿರುವುದರಿಂದ ನಕಲು ಮಾಡುವವನಿಗೆ ನಿಜವಾದ ಚಿನ್ನ ಬಳಸಿದರೂ ಲಾಭವಿದೆ. ಲೋಹ ನೋಡಿ ನಂಬಿದವರೇ ದೊಡ್ಡ ಮೋಸಕ್ಕೆ ಬೀಳುತ್ತಾರೆ.

ಹಳ್ಳಿಗಳಲ್ಲಿ ಇದಕ್ಕಿಂತ ಒರಟಾದ ಮೋಸಗಳೂ ನಡೆಯುತ್ತವೆ. ರಾಮ ಪಟ್ಟಾಭಿಷೇಕ, ಹನುಮಂತ, ತಾವರೆ ಚಿತ್ರಗಳಿದ್ದು 1616, 1717, 1818 ಎಂದು ವರ್ಷ ಹಾಕಿದ ಈಸ್ಟ್ ಇಂಡಿಯಾ ಕಂಪನಿಯ ಹೆಸರಿನ ನಾಣ್ಯಗಳು ಜಾತ್ರೆಯ ಅಂಗಡಿಯಲ್ಲಿ ಸಿಗುತ್ತವೆ. ಕಂಪನಿ ಅಂಥ ನಾಣ್ಯಗಳನ್ನು ಹೊರಡಿಸಲೇ ಇಲ್ಲ. ಅವು ಈಚೆಗೆ ತಯಾರಾದ ಬಿಲ್ಲೆಗಳು. ಅಕ್ಕಿ ಕಾಳನ್ನು ಎಳೆಯುತ್ತದೆ ಎಂದು ರೈಸ್ ಪುಲ್ಲರ್ ಹೆಸರಿನಲ್ಲಿ ತಾಮ್ರದ ನಾಣ್ಯ ಮಾರುವವರು ಹೊಲ, ಮನೆ ಮಾರಿಸಿದ ಪ್ರಕರಣಗಳು ರಾಜ್ಯದ ಪೊಲೀಸ್ ಠಾಣೆಗಳಲ್ಲಿ ದಾಖಲಾಗಿವೆ. ಹಳೆಯ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂಬ ಮೊಬೈಲ್ ಸಂದೇಶಗಳು ಎಷ್ಟು ಹೆಚ್ಚಿದವೆಂದರೆ 2021ರ ಆಗಸ್ಟ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ತನ್ನ ಹೆಸರು ಹೇಳಿ ಹಣ ಕೇಳುವವರನ್ನು ನಂಬಬೇಡಿ ಎಂದು ಪ್ರಕಟಣೆ ಹೊರಡಿಸಬೇಕಾಯಿತು.

ನಾಣ್ಯ ಅಸಲಿ ಎಂದು ಖಾತ್ರಿಯಾದ ಮೇಲೆ ಅದು ಎಲ್ಲಿಂದ ಬಂತು ಎಂದು ಕೇಳಬೇಕು. ಸೂಡಿ, ಲಕ್ಕುಂಡಿ, ಸವಡಿಯಂಥ ಗುಡಿ ಶಾಸನಗಳ ಊರುಗಳಲ್ಲಿ ಪಾಯ ತೋಡುವಾಗ, ಹೊಲ ಹರಗುವಾಗ ಹಳೆಯ ವಸ್ತು ಸಿಗುವುದು ಹೊಸದಲ್ಲ. ನೆಲದಲ್ಲಿ ನಿಧಿ ಸಿಕ್ಕವರು ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು ಎಂದು ನಿಧಿ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟು ಮಾರಿದರೆ ಅಪರಾಧ. ಹಾಗೆ ಬಂದದ್ದೆಂದು ತಿಳಿದೂ ಕೊಂಡವರು ಅದೇ ಪ್ರಕರಣದಲ್ಲಿ ಸಿಕ್ಕಿಬೀಳುತ್ತಾರೆ. ಹೋದ ವರ್ಷ ಹೊಲದಲ್ಲಿ ಸಿಕ್ಕಿತು, ಯಾರಿಗೂ ಹೇಳಬೇಡಿ ಎಂದು ಶುರುವಾಗುವ ಮಾತು ನಿಜವಿದ್ದರೆ ಕಾನೂನಿಗೆ ವಿರುದ್ಧ, ಸುಳ್ಳಿದ್ದರೆ ಖೋಟಾ ನಾಣ್ಯದ ಕಥೆ. ಎರಡರಲ್ಲಿ ಯಾವುದಾದರೂ ಅಲ್ಲಿಂದ ಎದ್ದು ಬರುವುದೇ ಸರಿ. ಜೊತೆಗೆ ಇನ್ನೊಂದು ನಷ್ಟವಿದೆ. ಯಾವ ಹೊಲದ ಯಾವ ಗಡಿಗೆಯಲ್ಲಿ, ಯಾವ ನಾಣ್ಯಗಳ ಜೊತೆ ಇತ್ತು ಎಂಬುದು ತಿಳಿದರೆ ಒಂದು ಗದ್ಯಾಣ ಹನ್ನೊಂದನೆಯ ಶತಮಾನದ ವ್ಯಾಪಾರದ ಬಗ್ಗೆ ಬಹಳ ಹೇಳುತ್ತದೆ. 1929ರಲ್ಲಿ ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯವೂ ಸಿಕ್ಕಿದ್ದರಿಂದಲೇ ಚಿತ್ರದುರ್ಗದ ಆ ನೆಲೆಯ ಕಾಲ, ಅದರ ಹೊರನಾಡಿನ ಸಂಪರ್ಕ ಗೊತ್ತಾದದ್ದು. ಕದ್ದು ಮಾರಿದ ನಾಣ್ಯ ಇಂಥದೇನನ್ನೂ ಹೇಳಲಾರದು.

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರವಾಗಿ ಮಾರುವವರು ಪರವಾನಗಿ ಪಡೆದಿರಬೇಕು. ವಿದೇಶದಲ್ಲಿರುವ ಮಗನಿಗೆ ಕೊಟ್ಟು ಅಲ್ಲಿ ಹರಾಜಿಗೆ ಹಾಕಿಸಿದರೆ ಹೆಚ್ಚು ಬರುತ್ತದೆ ಎಂಬ ಲೆಕ್ಕ ಇಲ್ಲಿಗೇ ಮುರಿಯುತ್ತದೆ. ವಿದೇಶದಲ್ಲಿ ಒಂದು ನಾಣ್ಯಕ್ಕೆ ಬರುವ ಬೆಲೆ ಕೇಳಿ ಹೋಲಿಸುವುದೂ ವ್ಯರ್ಥ. 2021ರಲ್ಲಿ ಅಮೆರಿಕದ 1933ರ ಚಿನ್ನದ 20 ಡಾಲರ್ ನಾಣ್ಯ ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಹೋಯಿತು. ಅದು ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದ ಆ ವರ್ಷದ ಒಂದೇ ನಾಣ್ಯ. ಅದರ ಬೆಲೆಯಿಂದ ಗದ್ಯಾಣದ ಬಗ್ಗೆ ಏನೂ ತಿಳಿಯುವುದಿಲ್ಲ.

ಅಸಲಿಯೂ ಹೌದು, ಬಂದ ದಾರಿಯೂ ಶುದ್ಧ ಎಂದಾದರೆ ಮಾತ್ರ ಉಳಿದ ವಿಚಾರ. ನೂರು ನಾಣ್ಯ ಇರುವವರು ಮಗಳ ಕಾಲೇಜಿನ ಫೀಗೆ ಹತ್ತು ಮಾರಿ ತೊಂಬತ್ತು ಉಳಿಸಿಕೊಳ್ಳಬಹುದು. ಗದ್ಯಾಣದ ಕಾಲುಭಾಗ ಮಾರಲು ಬರುವುದಿಲ್ಲ. ರೂಪಾಯಿಗೆ ಪ್ರತಿ ಊರಿನ ಸರಾಫಕಟ್ಟೆಯಲ್ಲಿ ಗಿರಾಕಿ ಇದ್ದಾರೆ, ಕಡೆಗೆ ಬೆಳ್ಳಿಯ ದರವಾದರೂ ಬರುತ್ತದೆ. ಗದ್ಯಾಣದ ಗಿರಾಕಿಗಾಗಿ ಬೆಂಗಳೂರು, ಮುಂಬಯಿಯ ಹರಾಜಿನ ದಿನ ಕಾಯಬೇಕು, ಹರಾಜಿನವರ ಕಮಿಷನ್ ಕೊಡಬೇಕು. ಒಂದು ತಪ್ಪು ತೀರ್ಮಾನ, ಒಂದು ಕಳವು ಸಾಕು, ಎಲ್ಲವೂ ಹೋದಂತೆ. ಇದರ ಎದುರಿಗೆ ಒಂದು ಸಾಧಕವೂ ಇದೆ. ಒಳ್ಳೆಯ, ಹಿನ್ನೆಲೆ ಗೊತ್ತಿರುವ ನಾಣ್ಯಕ್ಕೆ ಕಾಲ ಕಳೆದಂತೆ ಗಿರಾಕಿ ಕಡಿಮೆಯಾಗುವುದಿಲ್ಲ. ಎಲ್ಲ ಕಡೆ ಸಿಗುವ ಸವೆದ ಪೈಸೆಗಳ ರಾಶಿ ಎಷ್ಟು ವರ್ಷ ಇಟ್ಟರೂ ರಾಶಿಯೇ. ಊರೂರು ಅಲೆದು ಕೊಂಡ, ಎಲ್ಲಿಯದೆಂದು ಗೊತ್ತಿಲ್ಲದ ಬಿಡಿ ನಾಣ್ಯಗಳು ಮಾತ್ರ ಸಂಗ್ರಹದಲ್ಲಿದ್ದು, ಸಂಗ್ರಾಹಕರ ಮನಸ್ಸು ಚಾಲುಕ್ಯರ ಕಾಲದ ಅಭ್ಯಾಸದ ಕಡೆ ತಿರುಗಿದ್ದರೆ ಎಲ್ಲವನ್ನೂ ಕೊಟ್ಟು ಒಂದನ್ನು ಪಡೆಯುವುದು ತಪ್ಪಲ್ಲ. ಅಂಥ ಒಂದು ನಾಣ್ಯ ಓದಿಸುತ್ತದೆ, ಶಾಸನಗಳ ಕಡೆ ಕರೆದೊಯ್ಯುತ್ತದೆ.

ಮನೆತನದ ಗಂಟಿಗೆ ಈ ಮಾತು ಅನ್ವಯಿಸುವುದಿಲ್ಲ. ಸವಡಿಯ ಮನೆಯೊಂದರಲ್ಲಿ ನಾಲ್ಕು ತಲೆಮಾರಿನಿಂದ ಕೂಡಿದ ಶಿವರಾಯಿ, ಮಲ್ಹಾರಶಾಹಿ, ಹಾಲಿ ಸಿಕ್ಕಾ, ಕಂಪನಿ ರೂಪಾಯಿಗಳನ್ನು ಗದ್ಯಾಣಕ್ಕೆ ಕೊಡಬಾರದು. ಗದ್ಯಾಣಗಳು ವಸ್ತುಸಂಗ್ರಹಾಲಯಗಳಲ್ಲಿ ಇವೆ, ಹರಾಜಿಗೂ ಬರುತ್ತಿರುತ್ತವೆ, ಇಂದು ತಪ್ಪಿದರೆ ಮುಂದೆ ಇನ್ನೊಂದು ಸಿಗಬಹುದು. ಆ ಮನೆಯ ಆ ಗಂಟು ಎಲ್ಲಿಯೂ ಇನ್ನೊಂದಿಲ್ಲ. ಗದ್ಯಾಣ ಬೇಕೇಬೇಕು ಎನ್ನುವವರಿಗೆ ನಡುದಾರಿ ಇದೆ. ಒಂದೇ ವರ್ಷದ, ಒಂದೇ ಟಂಕಸಾಲೆಯ ಹೆಚ್ಚುವರಿ ರೂಪಾಯಿಗಳು, 1940 ಮತ್ತು ಅದರ ನಂತರದವು, ಕೊಂಡಿ ಹಾಕಿಸಿದವು, ಪೇಟೆಯಿಂದ ತಂದವು, ಇವನ್ನು ಕೊಟ್ಟು ಉಳಿದದ್ದಕ್ಕೆ ನಗದು ಸೇರಿಸಬಹುದು. ನಗದು ಸಾಲದಿದ್ದರೆ ಒಂದೆರಡು ವರ್ಷ ಕಾಯಬಹುದು. ಇಂದೇ ಕೊಡಿ, ನಾಳೆ ಬೇರೆಯವರು ಒಯ್ಯುತ್ತಾರೆ ಎಂದು ಅವಸರ ಮಾಡುವವರ ನಾಣ್ಯವನ್ನು ಇನ್ನಷ್ಟು ನಿಧಾನವಾಗಿ ಪರೀಕ್ಷಿಸುವುದು ಕ್ಷೇಮ.

ಕೊನೆಗೆ ವಿನಿಮಯವೇ ಆದರೆ ಅದು ಬಾಯಿಮಾತಿನಲ್ಲಿ ನಡೆಯಬಾರದು. ಕೊಡುವ ಪ್ರತಿ ನಾಣ್ಯದ ಎರಡೂ ಮುಖಗಳ ಫೋಟೊ, ತೂಕ, ಮನೆಗೆ ಬಂದ ಬಗೆ ಬರೆದಿಟ್ಟರೆ ನಾಣ್ಯ ಹೋದರೂ ಮಾಹಿತಿ ಉಳಿಯುತ್ತದೆ. ಪಡೆಯುವ ನಾಣ್ಯಕ್ಕೆ ರಸೀದಿ ಬೇಕು. ಅದರಲ್ಲಿ ತೂಕ, ಫೋಟೊ, ಹಿಂದಿನ ಒಡೆಯರಿಂದ ಬಂದ ವಿವರ, ಇಷ್ಟು ದಿನದೊಳಗೆ ಖೋಟಾ ಎಂದು ಗೊತ್ತಾದರೆ ಎರಡೂ ಕಡೆಯವರು ತಮ್ಮ ತಮ್ಮ ವಸ್ತು ವಾಪಸ್ ಪಡೆಯಬೇಕೆಂಬ ಷರತ್ತು ಇರಬೇಕು. ಆ ಅವಧಿ ಮುಗಿಯುವ ವರೆಗೆ ಕೊಟ್ಟ ಗಂಟನ್ನು ಒಡೆದು ಮಾರದಂತೆ ಮಾತಾಗಿರಬೇಕು, ಇಲ್ಲದಿದ್ದರೆ ವಾಪಸಿನ ಷರತ್ತಿಗೆ ಅರ್ಥವಿಲ್ಲ. ಹಣ ಕೈ ಬದಲಾಗಿಲ್ಲ ಎಂದು ತೆರಿಗೆಯ ವಿಚಾರವನ್ನೂ ಮರೆಯುವಂತಿಲ್ಲ. ಆದಾಯ ತೆರಿಗೆ ಕಾನೂನು ಮಾರಾಟದಂತೆ ವಿನಿಮಯವನ್ನೂ ಆಸ್ತಿಯ ವರ್ಗಾವಣೆ ಎಂದೇ ಎಣಿಸುತ್ತದೆ, ಪುರಾತತ್ವ ಸಂಗ್ರಹಗಳಿಗೆ ಸ್ವಂತ ಬಳಕೆಯ ವಸ್ತುಗಳಿಗಿರುವ ವಿನಾಯಿತಿಯನ್ನು ಕೊಟ್ಟಿಲ್ಲ. ದೊಡ್ಡ ಮೊತ್ತದ ವಿನಿಮಯವಾದರೆ ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ, ಎರಡೂ ಬದಿಯ ಅಂದಿನ ಬೆಲೆಯನ್ನು ರಸೀದಿಯಲ್ಲೇ ಬರೆಸಬೇಕು.